ತೊಂದರೆಯಾಗಿದೆ, ವರದರಾಜನಿಗೆ ಫೋನ್ ಮಾಡಿ

ಶ್ರದ್ಧೆಯಿಂದ ಮಾಡಿದ ಕೆಲಸದಿಂದ ನನಗೆ ಇದುವರೆಗೆ ಸುಖ ಸಿಕ್ಕಿದ್ದು ಕಡಿಮೆ. ಸಿಕ್ಕ ಒಂದೆರಡು ಸುಖಗಳೂ ಸೋಮಾರಿತನದ ಕೃಪೆ. ಹೀಗೆ ಬರೆದರೆ ಮಗ ಓದಿ ಕೆಟ್ಟುಹೋದಾನು ಎಂಬ ಭಯವೂ ಇಲ್ಲ, ಅವನಿಗೆ ಕನ್ನಡ ಓದಲು ಬರುವುದಿಲ್ಲ. ನಾನು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುತ್ತಾನೆ, ಅದೂ ಒಂದೇ ಪದದಲ್ಲಿ. ಹೆಂಡತಿಯ ಮನೆಮಾತೇ ತಮಿಳು. ಮದರಾಸಿಗೆ ಬಂದು ಮೂರು ತಲೆಮಾರಾದ ನಮ್ಮ ಮನೆಯಲ್ಲಿ ಕನ್ನಡ ಉಳಿದಿದ್ದು ಅಮ್ಮನ ಬಾಯಲ್ಲಿ. ಎರಡು ವರ್ಷದ ಹಿಂದೆ ಅಮ್ಮ ತೀರಿಹೋದಳು. ಆಮೇಲೆ ನನ್ನ ಕನ್ನಡಕ್ಕೆ ಕೆಲಸವಿಲ್ಲದಂತಾಯಿತು.

ನನ್ನ ಕೆಲಸ ಹೋಟೆಲುಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುವುದು. ಅದು ದಿನದ ಬಿಲ್ಲುಗಳನ್ನೆಲ್ಲ ಇಂಟರ್ನೆಟ್ಟಿನ ಮೂಲಕ ಇನ್ನೊಂದು ಕಂಪನಿಯ ಲೆಕ್ಕಪತ್ರದ ಸರ್ವರಿಗೆ ಕಳಿಸುತ್ತದೆ. ಆ ಸರ್ವರಿಗೆ ಬಿಗುಮಾನ ಬಹಳ. ಲಾಗಿನ್ ಅವಧಿ ಮುಗಿದರೆ ಒಂದು ನಂಬರಿನ ಎರರ್, ತಾರೀಖು ತಪ್ಪಿದ್ದರೆ ಇನ್ನೊಂದು, ಬಿಲ್ಲುಗಳು ಒಟ್ಟಿಗೆ ನುಗ್ಗಿದರೆ ‘ಸ್ವಲ್ಪ ತಡೆದು ಬಾ’ ಎನ್ನಲು ಮತ್ತೊಂದು, ತನ್ನದೇ ತಲೆ ಕೆಟ್ಟರೆ ಐನೂರನೇ ನಂಬರು. ಒಂದೊಂದಕ್ಕೂ ಒಂದೊಂದು ಉಪಾಯ ಬರೆಯಬೇಕಾದ್ದು ಧರ್ಮ. ನಾನು ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ, ಏನೇ ಬಂದರೂ ಪರದೆಯ ಮೇಲೆ ಒಂದೇ ಸಾಲು ಮೂಡುವಂತೆ ಮಾಡಿದ್ದೆ: ‘ತೊಂದರೆಯಾಗಿದೆ, ವರದರಾಜನಿಗೆ ಫೋನ್ ಮಾಡಿ.’ ಕೆಳಗೆ ನನ್ನ ನಂಬರು.

ಉಳಿದ ಹೋಟೆಲಿನವರು ಬೈಯಲು ಫೋನ್ ಮಾಡಿದರು. ಪುರಸೈವಾಕ್ಕಂ ಬಡಾವಣೆಯ ಹೋಟೆಲೊಂದರ ಮ್ಯಾನೇಜರ್ ಸೀತಾರಾಮ ಭಟ್ಟರು ಮಾತ್ರ ಹಾಗಲ್ಲ. ಕುಂದಾಪುರದ ಕಡೆಯವರು. ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಅವರ ಫೋನು.

“ತಿಂಡಿ ಆಯ್ತಾ ಮಾರಾಯ್ರೆ?”

“ಆಯ್ತು ಭಟ್ರೇ. ಏನ್ ಎರರ್ ಬಂದಿದೆ? ಓದಿ ಹೇಳಿ, ನೋಡೋಣ.”

“ಅದು ಇರ್ಲಿ. ಎಂತ ತಿಂಡಿ?”

ತಿಂಡಿಯಿಂದ ಅವರ ಮಂಡಿನೋವಿಗೆ, ಮಂಡಿಯಿಂದ ಸಾಂಬಾರಿಗೆ ಕೈತುಂಬ ಇಂಗು ಸುರಿಯುವ ಹೊಸ ಅಡುಗೆಯವನಿಗೆ ಹೋಗಿ, ಕೊನೆಗೆ ಎರರ್‌ಗೆ ಬರುತ್ತಿದ್ದೆವು. ನಾನು ಹೇಳುತ್ತಿದ್ದುದು ಯಾವಾಗಲೂ ಒಂದೇ: “ಐದು ನಿಮಿಷ ಬಿಟ್ಟು ಇನ್ನೊಂದ್ಸಲ ಒತ್ತಿ. ಸೀಕ್ರಂ ಹೋಗುತ್ತೆ.”

“ಸೀಕ್ರಂ ಎಂತದು? ಬೇಗ ಅಂತ ಹೇಳ್ಲಿಕ್ಕೆ ಆಗುದಿಲ್ವಾ ನಿಮಗೆ?”

ಅಮ್ಮ ಗದರುತ್ತಿದ್ದುದೂ ಇದೇ ಮಾತಿಗೆ. ಬೈಸಿಕೊಂಡು ಫೋನಿಟ್ಟರೆ ಆ ದಿನವೆಲ್ಲ ಹಗುರ. ನಿಜ ಹೇಳುತ್ತೇನೆ, ಆ ಫೋನಿಗಾಗಿ ನಾನು ಕಾಯುತ್ತಿದ್ದೆ.

ಅಷ್ಟರಲ್ಲಿ ಆಫೀಸಿಗೆ ಹೊಸ ಟೀಮ್ ಲೀಡ್ ಆಗಿ ಕವಿತಾ ಬಂದಳು. ನನ್ನ ಮಗನ ವಯಸ್ಸು. ಕೋಡ್ ನೋಡಿ “ಎನ್ನ ಸಾರ್ ಇದು!” ಏನಿದು ಎಂದು ತಮಿಳಿನಲ್ಲಿ ಕೇಳಿದಳು, ಅಷ್ಟೇ. ಮರ್ಯಾದೆಗೆ ಅಂಜಿ ವಾರವಿಡೀ ಕೂತು ಎಲ್ಲ ಸರಿಮಾಡಿದೆ. ಈಗ ಲಾಗಿನ್ ತಾನೇ ನವೀಕರಿಸಿಕೊಳ್ಳುತ್ತದೆ. ತಡೆದು ಬಾ ಎಂದರೆ ತಡೆದು ಹೋಗುತ್ತದೆ. ತಾರೀಖು ತಪ್ಪಿದ್ದರೆ ಯಾವ ಬಿಲ್ಲಿನಲ್ಲಿ ಎಂದು ತೋರಿಸುತ್ತದೆ. ಕವಿತಾ ಎಲ್ಲರೆದುರು ಹೊಗಳಿದಳು. ಭಟ್ಟರ ಫೋನು ನಿಂತುಹೋಯಿತು.

ಮೂರು ವಾರ ಕಳೆಯಿತು. ಲಾಗ್ ತೆಗೆದು ನೋಡಿದರೆ ಪುರಸೈವಾಕ್ಕಂನಿಂದ ಎರರ್‌ಗಳೇನೋ ದಿನಾ ಬರುತ್ತಿದ್ದವು, ಬಂದು ಸದ್ದಿಲ್ಲದೆ ಸರಿಹೋಗುತ್ತಿದ್ದವು. ಒಂಬತ್ತಾದರೆ ಕೈ ತಾನಾಗಿ ಫೋನಿನತ್ತ ಹೋಗುತ್ತಿತ್ತು. ನಾನೇ ಮಾಡಬಹುದಿತ್ತು. ಆದರೆ ಏನೆಂದು ಮಾಡುವುದು? ಎರರ್ ಇಲ್ಲದೆ ನಾವಿಬ್ಬರು ಯಾವತ್ತೂ ಮಾತಾಡಿದವರಲ್ಲ. ಕೊನೆಗೊಂದು ಬೆಳಿಗ್ಗೆ ತಡೆಯಲಾಗದೆ ಮಾಡಿಯೇಬಿಟ್ಟೆ.

“ಭಟ್ರೇ, ಒಂದು ಎರರ್ ತೋರಿಸ್ತಾ ಇದೆ.”

“ಇಲ್ಲಿ ಎಂತದೂ ಇಲ್ಲ. ಎಲ್ಲ ಸರಿ ಉಂಟು.”

“ನನ್ನ ಕಡೆ ಬರ್ತಿದೆ.”

“ಹೌದಾ? ಓದಿ ಹೇಳಿ, ನೋಡುವ.”

ಹದಿನೆಂಟು ವರ್ಷ ಎರರ್ ಸಂದೇಶ ಬರೆದವನಿಗೆ ಓದಲು ಒಂದು ಸಾಲೂ ಹೊಳೆಯಲಿಲ್ಲ. “ಸರ್ವರ್... ಅಂದ್ರೆ...” ಎಂದು ತಡವರಿಸಿದೆ. ಆಚೆ ಕಡೆ ಲೋಟಗಳ ಸದ್ದು. ಆಮೇಲೆ ಭಟ್ಟರ ದನಿ ಮೆತ್ತಗಾಯಿತು.

“ಐದು ನಿಮಿಷ ಬಿಟ್ಟು ಒತ್ತಿದ್ರೆ ಹೋಗ್ತದೆ ಅಂತ ನನಗೆ ಎರಡನೇ ದಿನವೇ ಗೊತ್ತಿತ್ತು ಮಾರಾಯ್ರೆ. ಆದ್ರೂ ದಿನಾ ಮಾಡ್ತಿದ್ದೆ. ಈಗ ನಿಮ್ಮ ಹೆಸರೇ ಬರುದಿಲ್ಲ, ನಾನು ಎಂತ ಹೇಳಿ ಫೋನ್ ಮಾಡುದು? ಅದು ಇರ್ಲಿ, ತಿಂಡಿ ಆಯ್ತಾ?”

ಆರು ಇಡ್ಲಿ ತಿಂದಾಗಿತ್ತು. ಸುಳ್ಳು ಉತ್ತರ ಕೊಡುವ ಸರ್ವರನ್ನು ಇಷ್ಟು ವರ್ಷ ಬೈದುಕೊಂಡು ಬಂದ ನಾನು, ಇನ್ನೊಂದು ಹತ್ತು ನಿಮಿಷದ ಆಸೆಗೆ, “ಇಲ್ಲ ಭಟ್ರೇ, ಇನ್ನೂ ಆಗಿಲ್ಲ” ಎಂದೆ.