ಮಾವನ ಅಪೆಂಡಿಕ್ಸಿಗೆ ಮಣ್ಣು ಕೊಟ್ಟದ್ದು

ನಮ್ಮ ಸೋದರಮಾವ ಕಂತುಕಂತಾಗಿ ಮಣ್ಣು ಸೇರಿದ ಮನುಷ್ಯ! ನಗಬೇಡಿ. ಲೋಕದ ಜನರೆಲ್ಲ ಸತ್ತ ಮೇಲೆ ಒಂದೇ ಸಲಕ್ಕೆ ಮುಗಿಸುವ ಕೆಲಸವನ್ನು ಅವರು ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದಾಗಲೇ ಶುರು ಮಾಡಿದ್ದರು.

ಅವರು ಇಳಕಲ್ಲಿನಲ್ಲಿ ಮಾಸ್ತರರಾಗಿದ್ದರು. ನಮ್ಮಲ್ಲಿ ತೀರಿಕೊಂಡವರನ್ನು ಸುಡುವುದಿಲ್ಲ. ವಿಭೂತಿ ಧರಿಸಿ, ಪತ್ರಿ ಇಟ್ಟು ಮಣ್ಣು ಮಾಡುತ್ತೇವೆ. ಈ ಪದ್ಧತಿಗೆ ಮಾವ ತಮ್ಮದೇ ಒಂದು ಬಾಲ ಅಂಟಿಸಿದ್ದರು.

"ಇಡಿಯಾಗಿ ಬಂದೀವಿ, ಇಡಿಯಾಗಿ ಹೋಗಬೇಕು. ಮೈಯಾಗಿಂದು ಒಂದು ಚೂರೂ ದಿಕ್ಕು ತಪ್ಪಬಾರದು."

ಹಾಗಾಗಿ ದವಡೆ ಹಲ್ಲು ಕೀಳಿಸಿಕೊಂಡ ದಿನ ಅದನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದು, ಹಿತ್ತಿಲ ಬೇವಿನ ಬುಡದಲ್ಲಿ ಕುಣಿ ತೋಡಿ, ವಿಭೂತಿ ಹಚ್ಚಿ ಮಣ್ಣು ಮಾಡಿದರು. ಪತ್ರಿ ಹಿಡಿದು ನಿಂತಿದ್ದ ಮಾವನನ್ನು ಕಂಡ ನೆರೆಮನೆಯವರು ಗಾಬರಿಯಾಗಿ ಗೋಡೆಯ ಮೇಲಿಂದ ಇಣುಕಿದರು.

"ಯಾರು ಹೋದ್ರರೀ ಮಾಸ್ತರ್ರ?"

"ದವಡಿ ಹಲ್ಲು."

"ಪಾಪ, ಭಾಳ ದಿನದಿಂದ ನರಳತಿತ್ತಲ್ರೀ!"

ಇನ್ನೊಮ್ಮೆ ಹುಬ್ಬಳ್ಳಿಯಿಂದ ಬಾದಾಮಿಗೆ ಹೊರಟಾಗ ಕುಳಗೇರಿ ಕ್ರಾಸಿನಲ್ಲಿ ಬಸ್ಸಿನ ಬಾಗಿಲಿಗೆ ಸಿಕ್ಕು ಕಾಲಿನ ಹೆಬ್ಬೆರಳ ಉಗುರು ಕಿತ್ತುಹೋಯಿತು. ರಕ್ತ ಸುರಿಯುತ್ತಿದ್ದರೂ ಮಾವ ಉಗುರು ಸಿಗುವ ತನಕ ಬಸ್ಸು ಬಿಡಲು ಒಪ್ಪಲಿಲ್ಲ. ಕಂಡಕ್ಟರ್ ಕೈ ಮುಗಿದ.

"ಯಜಮಾನ್ರ, ಉಗುರು ಮತ್ತ ಬರತೈತಿ. ಹೋದ ಹೊತ್ತು ಬರೂದಿಲ್ಲ!"

ಉಗುರು ಸಿಕ್ಕಿತು, ಬಸ್ಸಿನವರೆಲ್ಲ ಬಗ್ಗಿ ಹುಡುಕಿದ್ದರು.

"ಹಂಗಾದ್ರ ಕ್ಷೌರದ ಕೂದಲಾ, ಮಾವಾ?" ಎಂದು ನಾನೊಮ್ಮೆ ಕೆಣಕಿದ್ದೆ.

"ಲೇ ತಮ್ಮಾ, ಅದು ಬೆಳಿ. ಕೊಯ್ಯೂದಽ. ಹಲ್ಲು ಉಗುರು ಅಂದ್ರ ಬೇರು."

ಬಿ.ಎಸ್ಸಿ. ಮುಗಿಸಿ ಬಾಗಲಕೋಟೆಯಲ್ಲಿ ಕೋಣೆ ಮಾಡಿಕೊಂಡು ಕೆಲಸ ಹುಡುಕುತ್ತಿದ್ದ ನನಗೆ ಇದೆಲ್ಲ ಗೆಳೆಯರ ಮುಂದೆ ಹೇಳಿ ನಗಿಸುವ ಸರಕಾಗಿತ್ತು. ಎಂಬತ್ತರ ದಶಕದ ಆರಂಭದ ಆ ಬೇಸಿಗೆಯವರೆಗೆ.

ಮಾವನಿಗೆ ಹೊಟ್ಟೆಯ ಬಲಮಗ್ಗುಲಿನ ಕೆಳಗೆ ನೋವು. ಮೊದಲು ರೊಟ್ಟಿಯ ಮೇಲೆ ತಪ್ಪು ಹೊರಿಸಿದರು, ಆಮೇಲೆ ಹೆಡ್ಮಾಸ್ತರರ ಮೇಲೆ. ಕೊನೆಗೆ ಕೈಗೆ ಸಿಗುವಂಥ ಗಂಟೇ ಬಂದಾಗ ಅತ್ತೆ ಹಟ ಹಿಡಿದು ಬಾಗಲಕೋಟೆಯ ಒಂದು ಖಾಸಗಿ ದವಾಖಾನೆಗೆ ಕರೆತಂದರು. ಡಾಕ್ಟರು ಹೊಟ್ಟೆ ಒತ್ತಿ ನೋಡಿದರು.

"ಅಪೆಂಡಿಕ್ಸ್ ಬಾತಿರಬೇಕು ಮಾಸ್ತರ್ರ. ತಗದು ಬಿಡೋಣು. ಯಾತಕ್ಕೂ ಉಪಯೋಗ ಇಲ್ಲದ್ದು ಅದು."

"ನಮ್ಮ ಸಾಲ್ಯಾಗೂ ಅಂಥವ್ರು ನಾಕೈದು ಮಂದಿ ಅದಾರ್ರಿ. ಯಾರೂ ಕೊಯ್ದು ಒಗದಿಲ್ಲ!"

ಕೊನೆಗೆ ಒಂದು ಕರಾರಿನ ಮೇಲೆ ಒಪ್ಪಿದರು. ಕೊಯ್ದದ್ದನ್ನು ತಮ್ಮ ಕೈಗೇ ಕೊಡಬೇಕು. ಚೇಷ್ಟೆ ಎಂದುಕೊಂಡ ಡಾಕ್ಟರು "ಆತ್ರಿ, ಕೊಟ್ಟು ಕಳಸ್ತೇವಿ" ಎಂದು ನಕ್ಕರು. ಪಕ್ಕದಲ್ಲಿದ್ದ ನರ್ಸಬಾಯಿ ಮಾತ್ರ ನಗಲಿಲ್ಲ, ಕೇಳಿಸಿಕೊಂಡಳು. ಮುಂದಿನ ಅನಾಹುತ ಹುಟ್ಟಿದ್ದು ಅಲ್ಲಿಯೇ.

ಒಂದು ತಾಸಿನ ಆಪರೇಷನ್ ಎಂದಿದ್ದರು. ಮಧ್ಯಾಹ್ನ ಇಳಿಯುತ್ತ ಬಂದರೂ ಬಾಗಿಲು ತೆರೆಯಲಿಲ್ಲ. ಅತ್ತೆ ಗೋಡೆಗೆ ಆತು ಕುಳಿತು ಇಷ್ಟಲಿಂಗವನ್ನು ಮುಷ್ಟಿಯಲ್ಲಿ ಹಿಡಿದಿದ್ದರು. ಡಾಕ್ಟರು ಹೊರಬಂದಾಗ ಅವರ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ನನ್ನೊಬ್ಬನನ್ನೇ ಪಕ್ಕಕ್ಕೆ ಕರೆದರು.

"ಇದು ಬರೇ ಬಾವಲ್ಲ ತಮ್ಮಾ. ಅಪೆಂಡಿಕ್ಸಿನ ಗಡ್ಡಿ. ಬದನಿಕಾಯಿಯಷ್ಟು ಉಬ್ಬೇತಿ, ಒಳಗ ಬರೇ ಲೋಳಿ. ನನ್ನ ಸರ್ವಿಸಿನ್ಯಾಗ ನಾ ಇಂಥಾದ್ದು ಕಂಡಿದ್ದಿಲ್ಲ. ಅದು ಒಡದಿದ್ರ ಆ ಲೋಳಿ ಹೊಟ್ಟಿ ತುಂಬ ಬೀಜ ಬಿತ್ತಿಧಂಗ ಆಗ್ತಿತ್ತು. ಒಡೀದಂಗ ತಗದೀನಿ."

"ಹಂಗಾರ ಪಾರಾದ್ರೇನ್ರಿ?"

"ಅದನ್ನ ನಾ ಹೇಳಾಕ ಬರೂದಿಲ್ಲ. ಹುಬ್ಬಳ್ಯಾಗ ಅದನ್ನ ತೆಳ್ಳಗ ಕೊಯ್ದು ಸೂಕ್ಷ್ಮದರ್ಶಕದಾಗ ನೋಡಬೇಕು. ಸಾದಾ ಇದ್ರ ಇಲ್ಲಿಗೇ ಮುಗೀತು. ಕ್ಯಾನ್ಸರ್ ಇದ್ರ ಮತ್ತ ಹೊಟ್ಟಿ ತಗದು ಬಲಗಡಿ ಕರುಳು ಕೊಯ್ಯಬೇಕು. ಆ ಎರಡನೇ ಪೆಟ್ಟು ಅವರ ಮೈ ತಡಿಯೂದು ಕಷ್ಟ. ನಾಳೆ ಮುಂಜಾನೆ ಅದನ್ನಿಟ್ಟ ಬಾಟ್ಲಿ ನೀನಽ ಒಯ್ಯಿ."

ಮಾರನೆಯ ಬೆಳಿಗ್ಗೆ ಚೀಲ ಹೆಗಲಿಗೇರಿಸಿಕೊಂಡು ದವಾಖಾನೆಗೆ ಹೋದರೆ ಡಾಕ್ಟರ ಮೇಜಿನ ಮೇಲೆ ಬಾಟಲಿ ಇಲ್ಲ! ಅತ್ತೆಯೂ ಇಲ್ಲ!

"ಮಾಸ್ತರ್ರು ಕೇಳಿದ್ರು, ಡಾಕ್ಟರ್ ಸಾಹೇಬ್ರು ಮಾತು ಕೊಟ್ಟಿದ್ರಲ್ರಿ," ಎಂದಳು ನರ್ಸಬಾಯಿ. "ಅತ್ತಿಯವ್ರ ಕೈಯಾಗ ಕೊಟ್ಟೆ. ಮೊದಲನೇ ಬಸ್ಸಿಗೆ ಇಳಕಲ್ಲಿಗೆ ಹೋದ್ರು."

ಮಾವ ಮಂಚದ ಮೇಲೆ ಮಗಳ ಮದುವೆ ಮುಗಿಸಿದವರಂತೆ ನಿರಾಳವಾಗಿ ಮಲಗಿದ್ದರು. "ಇಷ್ಟೊತ್ತಿಗೆ ಮಣ್ಣು ಸೇರಿರಬೇಕು," ಎಂದರು.

ಓಡಿಬಂದ ಡಾಕ್ಟರ ಮುಖ ಸುಣ್ಣವಾಗಿತ್ತು. "ಬಾಟ್ಲಿ ಸಮೇತ ಇಡಾಕ ಹೇಳೀರೇನು?"

"ಗಾಜಿಗೆ ಯಾರರೆ ಮಣ್ಣು ಕೊಡ್ತಾರೇನ್ರಿ? ಹೊರಗ ತಗದು, ನೀರಾಗ ತೊಳದು, ವಿಭೂತಿ ಹಚ್ಚು ಅಂತ ಹೇಳಿ ಕಳಿಸೀನಿ."

ಬಾಟಲಿಯಲ್ಲಿದ್ದದ್ದು ಫಾರ್ಮಾಲಿನ್, ಮಾಂಸ ಕೆಡದಂತೆ ಹಿಡಿಯುವ ಔಷಧ. ಕಾಲೇಜಿನಲ್ಲಿ ಕಪ್ಪೆ ಕೊಯ್ದ ನನಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಅದರಿಂದ ಹೊರಬಿದ್ದ ಚೂರು ಆ ಬಿಸಿಲಿನಲ್ಲಿ, ಆ ಮಣ್ಣಿನಲ್ಲಿ ಎಷ್ಟು ಹೊತ್ತು ಉಳಿದೀತು? ಅದು ಕೊಳೆತರೆ ಸಾದಾ ಗಡ್ಡೆಯೋ ಕ್ಯಾನ್ಸರೋ ಎಂದು ಈ ಭೂಮಿಯ ಮೇಲೆ ಯಾರೂ ಹೇಳಲಾರರು. ಸುಮ್ಮನೆ ಕೊಯ್ದರೂ ಮಾವ ಹೋದಾರು, ಸುಮ್ಮನೆ ಬಿಟ್ಟರೂ ಹೋದಾರು!

ಇಳಕಲ್ ಬಸ್ಸು ಹತ್ತಿದೆ. ಅಂಥ ಬಸ್ಸನ್ನು ನಾನು ಹಿಂದೆಯೂ ಕಂಡಿಲ್ಲ, ಮುಂದೆಯೂ ಕಂಡಿಲ್ಲ. ಎಮ್ಮೆ ಅಡ್ಡ ಬಂದರೆ ಅದರ ಕ್ಷೇಮಸಮಾಚಾರ ಕೇಳಿ ಮುಂದೆ ಹೋಗುತ್ತಿತ್ತು. ಕಮತಗಿಯಲ್ಲಿ ಡ್ರೈವರ್ ಚಹಾ ಕುಡಿಯಲು ಇಳಿದ. ನಾನು ಬಾಗಿಲಲ್ಲಿ ನಿಂತು ಕೂಗಾಡಿದೆ.

"ಏನ್ರೀ ಅಷ್ಟು ಅವಸರ?" ಕಂಡಕ್ಟರ್ ಕೇಳಿದ. "ಮಣ್ಣಿಗೆ ಹೊಂಟೀರೇನು?"

"ಮಣ್ಣು ಆಗೇತ್ರಿ! ಹೊರಗ ತಗೀಬೇಕು!"

ಇಡೀ ಬಸ್ಸು ನನ್ನ ಕಡೆ ತಿರುಗಿತು. ಪಕ್ಕದ ಮುದುಕಿ ಎದ್ದು ಹಿಂದಿನ ಸೀಟಿಗೆ ಹೋದಳು. ಕಂಡಕ್ಟರ್ ಸೀಟಿ ಊದಿದ. ಡ್ರೈವರ್ ಅರ್ಧ ಚಹಾ ಚೆಲ್ಲಿ ಓಡಿಬಂದ. ಹುನಗುಂದದಲ್ಲಿ ಬಸ್ಸು ಒಂದು ಗಳಿಗೆಯೂ ಹೆಚ್ಚು ನಿಲ್ಲಲಿಲ್ಲ. ಈಗ ಹೇಳುವಾಗ ನಗು ಬರುತ್ತದೆ. ಅಂದು ನಗು ಬಂದಿರಲಿಲ್ಲ. ಬೇವಿನ ಬುಡದಲ್ಲಿ ನಾಯಿಗಳು ಕೆದರುತ್ತಿರುವ ಚಿತ್ರವೊಂದೇ ಕಣ್ಣ ಮುಂದೆ. ಇಂದಿಗೂ ಬಸ್ಸು ದಾರಿಯಲ್ಲಿ ಸುಮ್ಮನೆ ನಿಂತರೆ ನಾನು ಎದ್ದು ಬಾಗಿಲಿಗೆ ಬಂದು ನಿಲ್ಲುತ್ತೇನೆ.

ಹಿತ್ತಿಲಲ್ಲಿ ಹಸಿ ಮಣ್ಣು, ಮೇಲೆ ಪತ್ರಿ. ಅತ್ತೆ ಕಲ್ಲಿನ ಮೇಲೆ ಕುಳಿತಿದ್ದರು.

"ಅತ್ತಿ, ಬಾಟ್ಲಿ ಎಲ್ಲಿ?"

ಅವರು ಮಣ್ಣಿನ ಕಡೆ ಕೈ ತೋರಿಸಿದರು.

"ಒಳಗಿಂದು ಹೊರಗ ತಗದಿ?"

ಅತ್ತೆ ಕಲ್ಲಿನಿಂದ ಎದ್ದರು. ಗಂಡನ ಮಾತು ಮೀರಿದವರೆಂದು ಅವರನ್ನು ಯಾರೂ ಅಂದದ್ದಿಲ್ಲ. "ಇಲ್ಲೋ ಯಪ್ಪಾ. ಮುಚ್ಚಳಕ್ಕ ಕೈ ಹಚ್ಚಿದೆ, ತಿರುವಾಕ ಆಗಲಿಲ್ಲ. ಹಂಗಽ ಇಟ್ಟು ಮುಚ್ಚಿಬಿಟ್ಟೆ. ಅವ್ರಿಗೆ ಹೇಳಬ್ಯಾಡ, ನಿನ್ನ ಕಾಲಿಗೆ ಬೀಳ್ತೇನಿ."

ನಾನೇ ಅವರ ಕಾಲಿಗೆ ಬಿದ್ದೆ. ಗುದ್ದಲಿ ಹಾಕಿದರೆ ಗಾಜು ಒಡೆದೀತೆಂದು ಇಬ್ಬರೂ ಕೈಯಿಂದಲೇ ಕೆದರಿದೆವು. ಬಾಟಲಿ ಸಿಕ್ಕಿತು. ಅತ್ತೆ ಸೆರಗಿನಿಂದ ಮಣ್ಣು ಒರೆಸಿ ಕೊಟ್ಟರು, ನಾನು ಬಿಸಿಲಿಗೆ ಹಿಡಿದೆ. ಔಷಧದ ನೀರಿನಲ್ಲಿ ಮುಳುಗಿ ಅದು ಹಾಗೇ ಇತ್ತು.

ಅದೇ ದಿನ ಬಾಟಲಿಯನ್ನು ತೊಡೆಯ ಮೇಲಿಟ್ಟುಕೊಂಡು ಹುಬ್ಬಳ್ಳಿ ಮುಟ್ಟಿಸಿದೆ. ಆಮೇಲೆ ಕಾಯುವುದು. ದವಾಖಾನೆಯ ಮೆಟ್ಟಿಲಲ್ಲಿ ಚಪ್ಪಲಿ ಸಪ್ಪಳವಾದರೆ ಅತ್ತೆ ಎದ್ದು ನಿಲ್ಲುತ್ತಿದ್ದರು. ಮಾವನಿಗೂ ಕ್ಯಾನ್ಸರಿನ ಅನುಮಾನ ಗೊತ್ತಾಗಿತ್ತು. ಜೋಕು ನಿಂತಿದ್ದವು; ಮಾಡಿನ ಹಂಚು ನೋಡುತ್ತ ಮಲಗಿರುತ್ತಿದ್ದರು.

ಒಂದು ಬೆಳಿಗ್ಗೆ ಡಾಕ್ಟರು ಒಳಗೆ ಬಂದು ಮಂಚದ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು.

"ಸಾದಾ ಗಡ್ಡಿ, ಮಾಸ್ತರ್ರ. ಎಲ್ಲೂ ಸೀಳಿಲ್ಲ, ಹೊರಗ ಹರಡಿಲ್ಲ. ಇನ್ನೊಂದು ಆಪರೇಷನ್ ಬೇಕಿಲ್ಲ. ಆಗಾಗ ಬಂದು ತೋರಿಸಿಕೊಂಡು ಹೋಗ್ರಿ, ಸಾಕು. ನೀವು ಹೇಳಿಧಂಗ ನಿಮ್ಮ ಮನಿಯವ್ರು ಬಾಟ್ಲಿ ಬಿಚ್ಚಿದ್ರ ಇದು ತಿಳೀತಿದ್ದಿಲ್ಲ."

ಮಾವ ಬಾಗಿಲ ಮರೆಯಲ್ಲಿದ್ದ ಅತ್ತೆಯ ಕಡೆ ನೋಡಿದರು.

"ನಾ ಹೇಳಿಧಂಗ ಮಾಡಲಿಲ್ಲ ನೀ?"

"ಇಲ್ರಿ."

"ಯಾಕ?"

ಅತ್ತೆ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡರು. "ಹಿಡಿಯಷ್ಟಿದ್ರೂ ಅದು ನೀವಽ ಅಲ್ಲೇನ್ರಿ? ನಿಮ್ಮ ಮ್ಯಾಲೆ ಮಣ್ಣು ಹಾಕಾಕ ನನಗ ಕೈ ಬರಲಿಲ್ಲ."

ನಮ್ಮ ಕಡೆ ಆ ಕಾಲದ ಹೆಂಗಸರು ಪರರ ಎದುರು ಗಂಡನ ಮಂಚದ ಮೇಲೆ ಕೂರುವವರಲ್ಲ. ಮಾವ ಹೊಲಿಗೆಯ ಮೇಲೆ ಕೈಯೂರಿ, ಹಲ್ಲು ಕಚ್ಚಿ, ಇಂಚಿಂಚಾಗಿ ಗೋಡೆಯ ಕಡೆ ಸರಿದರು. ಖಾಲಿಯಾದ ಜಾಗವನ್ನು ಅಂಗೈಯಿಂದ ಸವರಿದರು.

"ಬಾ," ಎಂದರು. "ಕೂಡು ಇಲ್ಲೆ."

ಅತ್ತೆ ಡಾಕ್ಟರ ಮುಖ, ನನ್ನ ಮುಖ ನೋಡಿದರು. ಆಮೇಲೆ ಬಂದು ಕುಳಿತರು.