ಅತ್ತೆಯ ಎಂಟು ಗಂಟೆ

ನನ್ನ ಹೆಂಡತಿಗೆ ನಾನು ಎಂಟು ಗಂಟೆ ಮಾತು ಬಾಕಿ ಉಳಿಸಿಕೊಂಡಿದ್ದೆ. ಮೂರು ತೀರಿಸಿದ್ದೇನೆ. ಉಳಿದ ಐದಕ್ಕೆ ಗತಿ ಕಾಣದೆ ಇದನ್ನು ಬರೆಯುತ್ತಿದ್ದೇನೆ.

ಮೂವತ್ತು ವರ್ಷ ಕರೆಂಟು ಕಂಬ ಹತ್ತಿದ ಲೈನ್‌ಮನ್ ನಾನು, ಸಂಘದ ಮುಂದಾಳು ಬೇರೆ. ಲಾಠಿ ಏಟು ತಿಂದಿದ್ದೇನೆ, ಜೈಲಿನ ನೆಲದ ಮೇಲೆ ಮಲಗಿದ್ದೇನೆ, ಮೂವರು ಮಂತ್ರಿಗಳನ್ನು ಮಾತುಕತೆಯ ಮೇಜಿಗೆ ಎಳೆದು ತಂದಿದ್ದೇನೆ. ಇಂಥ ಮಹಾಶಯ ಒಂದು ಲ್ಯಾಪ್‌ಟಾಪಿಗೆ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಲಾರನೇ? ಎದೆ ತಟ್ಟಿಕೊಂಡೆ.

ಆ ಲ್ಯಾಪ್‌ಟಾಪಿನಲ್ಲಿ ನಮ್ಮ ಅತ್ತೆ ಇದ್ದರು. ಸಾಯುವ ಮುಂಚೆ ತಮ್ಮ ಬದುಕನ್ನೆಲ್ಲ ಹೇಳಿ ಮಗಳ ಕೈಲಿ ರೆಕಾರ್ಡ್ ಮಾಡಿಸಿದ್ದರು, ಒಟ್ಟು ಇಪ್ಪತ್ತೇಳು ಗಂಟೆ. ಹತ್ತೊಂಬತ್ತನ್ನು ಹೆಂಡತಿ ನೋಟ್‌ಬುಕ್ಕಿಗೆ ಇಳಿಸಿದ್ದಳು. ಉಳಿದ ಎಂಟು ಅದರೊಳಗಷ್ಟೇ.

ಅವಳು ಅವತ್ತು ಮಧ್ಯಾಹ್ನ ಹಲ್ಲು ಕೀಳಿಸಲು ಹೊರಟಿದ್ದಳು. "ಅಮ್ಮ ಅದರೊಳಗೇ ಇದಾಳೆ. ನಾನು ಬರೋವರೆಗೂ ಮುಟ್ಟಬೇಡಿ," ಎಂದಳು. ನೀನು ಬರೋದ್ರೊಳಗೆ ಮುಗಿಸಿರ್ತೀನಿ ಎಂದೆ.

ಬಿಸಿಲಿಗೆ ಕಿಟಕಿಯ ಪರದೆ ಎಳೆದು ಕೂತು, ಲ್ಯಾಪ್‌ಟಾಪಿಗೆ ಹೊಸ ಸಿಸ್ಟಮ್ಮಿನ ಪೆನ್‌ಡ್ರೈವ್ ಚುಚ್ಚಿದೆ. ಖಾಲಿ ಕೋಣೆಯಲ್ಲಿ ಒಂದು ಹೆಣ್ಣು ದನಿ ಮೆಲ್ಲಗೆ, "ನಮಸ್ಕಾರ. ಇನ್ನು ಎಲ್ಲವನ್ನೂ ನಾವು ನೋಡಿಕೊಳ್ಳುತ್ತೇವೆ," ಎಂದಿತು. ನಾವು ಎಂದರೆ ಯಾರು? ಬೆನ್ನ ಹಿಂದೆ ತಿರುಗಿ ನೋಡಿದೆ. ಗೋಡೆಯ ಮೇಲೆ ಅತ್ತೆಯ ಫೋಟೋ ಬಿಟ್ಟರೆ ಯಾರೂ ಇಲ್ಲ.

ಸಿಸ್ಟಮ್ಮನ್ನು ಡಿಸ್ಕಿನ ಯಾವ ಭಾಗದಲ್ಲಿ ಕೂರಿಸಲಿ ಎಂದು ಕೇಳಿತು. ಭಾಗ ಒಂದು, ಭಾಗ ಎರಡು, ಭಾಗ ಮೂರು. ಯಾವುದರಲ್ಲಿ ಏನಿದೆ ಎಂದು ಬರೆಯುವ ಸೌಜನ್ಯವಿಲ್ಲ. ಶವಾಗಾರದಲ್ಲೂ ಹೆಬ್ಬೆರಳಿಗೆ ಹೆಸರಿನ ಚೀಟಿ ಕಟ್ಟಿರುತ್ತಾರೆ! ಎರಡನ್ನು ಒತ್ತಿದೆ. "ಇಲ್ಲಿರುವುದೆಲ್ಲ ಅಳಿಸಿಹೋಗುತ್ತದೆ" ಎಂದು ಬಂತು. ಕೆಳಗೆ ಎರಡೇ ಗುಂಡಿ: "ಸರಿ", "ಆಮೇಲೆ". ಹುಡುಕಿದೆ, ಕನ್ನಡಕ ಒರೆಸಿ ಹುಡುಕಿದೆ, "ಬೇಡ" ಎನ್ನುವ ಗುಂಡಿಯೇ ಇಲ್ಲ. ಬದುಕಿಡೀ ಅದೊಂದೇ ಪದ ಕೂಗಿ ಗಂಟಲು ಹರಿದುಕೊಂಡವನಿಗೆ ಈ ಗತಿ! "ಆಮೇಲೆ" ಒತ್ತಿದೆ. "ಆಗಲಿ. ಅರವತ್ತು ಸೆಕೆಂಡಿನ ಮೇಲೆ ಶುರು ಮಾಡುತ್ತೇವೆ," ಎಂದಿತು ಆ ದನಿ. ಐವತ್ತೊಂಬತ್ತು. ಐವತ್ತೆಂಟು.

ಆಡಳಿತ ಮಂಡಳಿ ಗಡುವು ಕೊಟ್ಟಾಗ ನಮ್ಮ ಸಂಘ ಮಾಡುತ್ತಿದ್ದುದು ಒಂದೇ, ಕರೆಂಟು ನಿಲ್ಲಿಸುವುದು. ಹೊರಗೆ ಓಡಿ ಮನೆಯ ಫ್ಯೂಸ್ ಕಿತ್ತೆ.

ಫ್ಯಾನು ಸುತ್ತು ಕಳೆದುಕೊಂಡು ನಿಂತಿತು. ಫ್ರಿಜ್ಜಿನ ಗೊರಕೆಯೂ ನಿಂತಿತು. ಗೆದ್ದೆ ಎಂದು ಒಳಗೆ ಬಂದೆ. ಸತ್ತ ಮನೆಯ ನಡುವೆ ಲ್ಯಾಪ್‌ಟಾಪಿನ ಪರದೆಯೊಂದೇ ಬೆಳ್ಳಗೆ ಉರಿಯುತ್ತಿತ್ತು. ಬ್ಯಾಟರಿ! ಮುಷ್ಕರದ ದಿನ ಹಿಂಬಾಗಿಲಿಂದ ಕೆಲಸಕ್ಕೆ ನುಗ್ಗುವ ದ್ರೋಹಿಗಳನ್ನು ಕಂಡಿದ್ದೆ, ಹೊಟ್ಟೆಯಲ್ಲೇ ಕರೆಂಟು ಬಚ್ಚಿಟ್ಟುಕೊಂಡು ಬಂದವನನ್ನು ಕಂಡಿರಲಿಲ್ಲ. "ಇನ್ನು ಸ್ವಲ್ಪವೇ," ಎಂದಿತು ದನಿ. ಅಳಿಸುವ ಕೆಲಸ ಶುರುವಾಗಿತ್ತು. ಶೇಕಡಾ ತೊಂಬತ್ತೊಂಬತ್ತಕ್ಕೆ ಹೋದ ಅಂಕಿ ಹದಿಮೂರಕ್ಕೆ ಇಳಿಯಿತು, ಮತ್ತೆ ಏರಿತು. ಒಮ್ಮೆ ಪರದೆ ಕಪ್ಪಾಗಿ ಅದರಲ್ಲಿ ನನ್ನ ಮುಖ, ಭುಜದ ಹಿಂದೆ ಅತ್ತೆಯ ಮುಖ ಕಂಡವು. ಫೋಟೋ ಎಂದು ಗೊತ್ತಿದ್ದೂ ತಿರುಗಿ ನೋಡುವ ಧೈರ್ಯ ಬರಲಿಲ್ಲ.

ಹೆಂಡತಿ ಬಂದಳು. ಬಾಯಿ ಮರಗಟ್ಟಿತ್ತು, ದವಡೆಯಲ್ಲಿ ಹತ್ತಿ. ಮಾತಾಡುವಂತಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಹೊಚ್ಚಹೊಸ ಪರದೆಯನ್ನು ನೋಡಿ, ಒಂದು ಚೀಟಿ ಬರೆದು ಮುಂದೆ ಹಿಡಿದಳು: "ಅಮ್ಮ ಎಲ್ಲಿ?"

ನಡೆದದ್ದನ್ನು ಹೇಳಿದೆ. ಇನ್ನೊಂದು ಚೀಟಿ ಬಂತು: "ಆರಿಸೋ ಗುಂಡಿ ಅದರ ಮೈಮೇಲೇ ಇತ್ತಲ್ಲ. ಐದು ಸೆಕೆಂಡು ಒತ್ತಿ ಹಿಡಿದಿದ್ರೆ ಸಾಕಿತ್ತು."

ಶಿಕ್ಷೆ ಏನೆಂದು ಮರುದಿನ ಅವಳು ಬಾಯಿ ಬಿಟ್ಟ ಮೇಲೆ ಗೊತ್ತಾಯಿತು. ಅಳಿಸಿಹೋದ ಎಂಟು ಗಂಟೆಯಲ್ಲಿ ಅತ್ತೆ ಹೇಳಿದ್ದು ಪೂರ್ತಿ ನನ್ನ ಬಗ್ಗೆಯಂತೆ. ಎಲ್ಲ ನಿಮ್ಮೆದುರಿಗೇ ಬೈದದ್ದು, ನಿಮಗೆ ನೆನಪಿರಲೇಬೇಕು, ಹೇಳಿ ತುಂಬಿಸಿ ಎಂದಳು. ದಿನವೂ ಸಂಜೆ ಮೈಕಿನ ಮುಂದೆ ಕೂತು, ಅತ್ತೆಯ ದನಿಯಲ್ಲಿ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ. ಅವಳು ಮಧ್ಯೆ ತಡೆಯುತ್ತಾಳೆ. "ಅಮ್ಮ ಇಷ್ಟು ಮೆತ್ತಗೆ ಬೈತಿರ್ಲಿಲ್ಲ ರೀ. ಮೊದ್ಲಿಂದ ಹೇಳಿ."

ಮೊನ್ನೆ ಮೂರನೆಯ ಗಂಟೆ ಮುಗಿಸಿ, ರೆಕಾರ್ಡಿಂಗ್ ಹಾಕಿ ಕೇಳಿದೆವು. ನಡುವೆ ಒಂದು ಕಡೆ, "ಅಳಿಯಂದಿರೆ, ಅದನ್ನ ಮುಟ್ಟಬೇಡಿ," ಎಂದು ಕೇಳಿಸಿತು. ನಾನು ಹಾಗೆ ಹೇಳಿದ ನೆನಪಿಲ್ಲ. ಹೆಂಡತಿ ಅದನ್ನು ನೋಟ್‌ಬುಕ್ಕಿಗೆ ಬರೆದುಕೊಂಡಳು.

ಐದು ಗಂಟೆ ಉಳಿದಿದೆ. ನನ್ನ ನೆನಪು ಬರಿದಾಗಿದೆ. ಅತ್ತೆ ಬೈದರೆ ಬೀದಿಯ ಆ ತುದಿಗೂ ಕೇಳುತ್ತಿತ್ತು. ನೆರೆಹೊರೆಯವರೇ, ಕಿಟಕಿಯ ಹಿಂದೆ ನಿಂತು ಕೇಳಿ ನಕ್ಕವರು ನೀವೇ ಅಲ್ಲವೇ? ಬನ್ನಿ, ಈ ಮೈಕಿನ ಮುಂದೆ ಕೂತುಕೊಳ್ಳಿ. ಅವರು ನನ್ನನ್ನು ಏನೇನು ಅಂದರೋ, ಒಂದಕ್ಷರ ಬಿಡದೆ ನನ್ನ ಮುಖಕ್ಕೆ ಹೇಳಿ.