ಗೌರಿಯ ಕೆನ್ನೆಯ ಚುಕ್ಕೆಗಳು

ನಮ್ಮ ಮನೆಯಲ್ಲಿ ಎರಡು ಗೋಲ್ಡ್ ಫಿಶ್ ಇವೆ. ಒಂದು ಗೌರಿ, ಇನ್ನೊಂದು ಗಂಗೆ. ಹೆಸರಿಟ್ಟವಳು ನನ್ನ ಹೆಂಡತಿ ಕಮಲ. ತಿನ್ನಲು ಹಾಕುವವಳು, ನೀರು ಬದಲಿಸುವವಳು, ಬೆಳಿಗ್ಗೆ ಕಾಫಿ ಲೋಟ ಹಿಡಿದು ಅವುಗಳ ಜೊತೆ ಮಾತಾಡುವವಳೂ ಅವಳೇ. ತುಡಿಯಲೂರಿನ ನಮ್ಮ ಬೀದಿಗೆ ಕಾಲಿಟ್ಟರೆ ತಮಿಳು, ಅವಳು ಗಣಿತ ಕಲಿಸುವ ಸ್ಕೂಲಿನಲ್ಲೂ ತಮಿಳು. ಅವಳ ಕನ್ನಡ ಕೇಳಿಸಿಕೊಳ್ಳಲು ದಿನವೂ ಸಿಗುವವರು ನಾನು ಮತ್ತು ಆ ಎರಡು ಮೀನು. ಮೂವರಲ್ಲಿ ಮೀನುಗಳೇ ಹೆಚ್ಚು ಗಮನ ಕೊಡುತ್ತವೆ ಎಂಬುದು ಅವಳ ಅಭಿಪ್ರಾಯ.

ಚಳಿ ಕಳೆದು ಬಿಸಿಲು ಏರುತ್ತಿದ್ದ ದಿನಗಳು. ಆನೈಮಲೈಯಲ್ಲಿ ತೆಂಗಿನ ತೋಟ ಮಾಡಿಕೊಂಡಿರುವ ನನ್ನ ಭಾವನ, ಅಂದರೆ ಕಮಲಳ ಅಣ್ಣನ, ಹೆಂಡತಿಗೆ ಮಂಡಿ ಆಪರೇಷನ್ ಆಗಿತ್ತು. ಕಮಲ ಒಂದು ವಾರ ರಜೆ ಹಾಕಿ ಹೊರಟಳು. ಹೊರಡುವಾಗ ನನಗೆ ಕೊಟ್ಟ ಆದೇಶ ಇಷ್ಟೇ: "ಎರಡು ಹೊತ್ತು ನಾಲ್ಕು ನಾಲ್ಕು ಕಾಳು ಹಾಕಿ. ಬೇರೆ ಏನೂ ಮಾಡಬೇಡಿ."

ಈ 'ಬೇರೆ ಏನೂ' ಎಂಬ ಮಾತು ನನಗೆ ಚುಚ್ಚಿತು. ನಾನು ಮೂವತ್ತು ವರ್ಷ ಪಂಪು ತಯಾರಿಸುವ ಕಂಪನಿಯೊಂದರಲ್ಲಿ ತಪಾಸಣೆಯ ವಿಭಾಗದಲ್ಲಿದ್ದವನು. ಎರಕದ ಕಬ್ಬಿಣದಲ್ಲಿ ಸಾಸಿವೆಗಿಂತ ಸಣ್ಣ ತೂತಿದ್ದರೂ ಕಂಡುಹಿಡಿದು, ಕೆಂಪು ಸೀಸಕಡ್ಡಿಯಿಂದ ಸುತ್ತು ಹಾಕಿ, ವಾಪಸು ಕಳಿಸಿದವನು. ಅಂಥವನ ಕಣ್ಣಿಗೆ ನಾಲ್ಕು ಕಾಳು ಎಣಿಸುವ ಕೆಲಸವೇ?

ಎರಡನೆಯ ದಿನ ಬೆಳಿಗ್ಗೆ ಆ ಕಣ್ಣಿಗೆ ಕೆಲಸ ಸಿಕ್ಕಿತು. ಗೌರಿಯ ಕೆನ್ನೆಯ ಮೇಲೆ ಬಿಳಿ ಚುಕ್ಕೆಗಳು. ಭೂತಗನ್ನಡಿ ತಂದು ಎಣಿಸಿದೆ. ಬಲಗೆನ್ನೆಯಲ್ಲಿ ಹನ್ನೊಂದು, ಎಡಗೆನ್ನೆಯಲ್ಲಿ ಒಂಬತ್ತು. ಪಕ್ಕದ ರೆಕ್ಕೆಯ ಅಂಚಿನಲ್ಲೂ ಒಂದು ಸಾಲು. ಫೋನಿನಲ್ಲಿ ವಿಡಿಯೋ ಹುಡುಕಿದೆ. ಯಾರೋ ಒಬ್ಬರು ಬಹಳ ದುಃಖದ ದನಿಯಲ್ಲಿ, ಇದು ಬಿಳಿಚುಕ್ಕೆ ರೋಗ, ಕಣ್ಣಿಗೆ ಕಾಣದ ಪರೋಪಜೀವಿ ಮೈಗೆ ಹತ್ತಿಕೊಂಡು ಬರುತ್ತದೆ, ಬಿಟ್ಟರೆ ಇಡೀ ತೊಟ್ಟಿಯೇ ಖಾಲಿ ಎಂದರು. ಚುಕ್ಕೆ ಮೈತುಂಬ ಉಪ್ಪು ಚೆಲ್ಲಿದ ಹಾಗೆ ಇರುತ್ತದೆ ಎಂದೂ ಹೇಳಿದರು. ಗೌರಿಗೆ ಕೆನ್ನೆ, ರೆಕ್ಕೆ ಬಿಟ್ಟರೆ ಎಲ್ಲೂ ಇರಲಿಲ್ಲ. ಇದು ಆರಂಭದ ಹಂತ ಎಂದು ತೀರ್ಮಾನಿಸಿದೆ.

ರೋಗ ಬಂದ ಮೀನು ಮೈ ಕಡಿತ ತಡೆಯಲಾರದೆ ಸಿಕ್ಕಿದ್ದಕ್ಕೆಲ್ಲ ಉಜ್ಜಿಕೊಳ್ಳುತ್ತದಂತೆ. ನೋಡಿದರೆ ಹಾಗೇ ಆಗಿತ್ತು. ಗೌರಿ ಬಿಡದೆ ಗಂಗೆಯ ಹಿಂದೆ ಬಿದ್ದು, ಅವಳ ಹೊಟ್ಟೆಗೆ ಮುಖ ಉಜ್ಜುತ್ತಿತ್ತು. ಪಾಪ, ಎಷ್ಟು ಕಡಿತವೋ ಎಂದು ನನ್ನ ಕಣ್ಣಲ್ಲಿ ನೀರು ಬಂತು. ಗಿಡಗಳನ್ನು ಪರೀಕ್ಷಿಸಿದೆ. ಎಲೆಗಳಿಗೆಲ್ಲ ಬೇಯಿಸಿದ ಸಬ್ಬಕ್ಕಿಗಿಂತ ಸಣ್ಣ, ಪಾರದರ್ಶಕ ಗುಂಡುಗಳು ಅಂಟಿದ್ದವು. ಹುಳದ ಮೊಟ್ಟೆ! ನನ್ನ ತಪಾಸಣೆಯ ಜೀವನದಲ್ಲೇ ಇಂಥ ಖಚಿತವಾದ ಸಾಕ್ಷಿ ಸಿಕ್ಕಿರಲಿಲ್ಲ. ಗಿಡಗಳನ್ನೆಲ್ಲ ಕಿತ್ತು, ಬಿಸಿಲಿನಲ್ಲಿ ಒಣಗಿಸಿ, ಕಸದ ಗಾಡಿಗೆ ಹಾಕಿಬಿಟ್ಟೆ.

ಪಕ್ಕದ ಮನೆಯ ಪಳನಿಸಾಮಿ ಪೋತ್ತನೂರು ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ಅವರ ಪ್ರಕಾರ ಲೋಕದ ಎಲ್ಲ ರೋಗಕ್ಕೂ ಕಲ್ಲುಪ್ಪು ಮದ್ದು. ಒಂದು ಹಿಡಿ ತಂದುಕೊಟ್ಟರು. ಹಾಕಿದೆ. ಸಂಜೆಗೂ ಚುಕ್ಕೆ ಹೋಗಲಿಲ್ಲ. ನೀರು ಬೆಚ್ಚಗಿರಬೇಕು ಎಂದು ವಿಡಿಯೋ ಹೇಳಿತ್ತು, ನನ್ನ ಬೆನ್ನುನೋವಿನ ಬಿಸಿನೀರಿನ ಚೀಲವನ್ನು ತೊಟ್ಟಿಯ ಗಾಜಿಗೆ ಒರಗಿಸಿದೆ. ಗೌರಿ ಅದನ್ನು ಗಮನಿಸಲೂ ಇಲ್ಲ, ಗಂಗೆಯ ಹಿಂದೆಯೇ ಇತ್ತು.

ಮೂರನೆಯ ದಿನ ನೀಲಿ ಮದ್ದು ತಂದೆ. ಹತ್ತು ಹನಿ ಹಾಕಬೇಕಿತ್ತು. ಒಂಬತ್ತು ಹನಿ ಸರಿಯಾಗಿ ಬಿದ್ದವು. ಹತ್ತನೆಯ ಹನಿಯ ಜೊತೆ ಮುಚ್ಚಳವೂ ಬಿತ್ತು, ಅರ್ಧ ಬಾಟಲಿ ಮದ್ದೂ ಬಿತ್ತು. ತೊಟ್ಟಿ ಕ್ಷಣದಲ್ಲಿ ಇಂಕಿನ ಕುಡಿಕೆಯಾಯಿತು. ಒಳಗೆ ಮೀನಿದೆ ಎಂಬುದಕ್ಕೆ ನನ್ನ ನೆನಪೊಂದೇ ಆಧಾರ. ಎರಡೂ ಕೈ ಮೊಣಕೈವರೆಗೆ ಮುಳುಗಿಸಿ, ತಡಕಾಡಿ, ಇಬ್ಬರನ್ನೂ ಹಿಡಿದು, ಕಮಲ ಹಬ್ಬಕ್ಕೆ ಪಾಯಸ ಮಾಡುವ ದೊಡ್ಡ ಸ್ಟೀಲ್ ಪಾತ್ರೆಗೆ, ಹಿಂದಿನ ದಿನ ಹಿಡಿದಿಟ್ಟಿದ್ದ ನೀರಿಗೆ ಬಿಟ್ಟೆ. ಅವು ಬದುಕಿದ್ದವು. ನನ್ನ ಪಂಚೆ, ನೆಲ, ಗೋಡೆಯ ಕ್ಯಾಲೆಂಡರು ಎಲ್ಲ ನೀಲಿ.

ಅಷ್ಟರಲ್ಲಿ ಕಮಲಳ ವಿಡಿಯೋ ಕಾಲ್. ತೊಟ್ಟಿಗೆ ಬೆನ್ನು ತಿರುಗಿಸಿ ನಿಂತು, ಎಲ್ಲ ಚೆನ್ನಾಗಿದೆ ಅಂದೆ. ಅನ್ನುತ್ತ ಮೂಗು ಉಜ್ಜಿಕೊಂಡೆ. ಕೈ ಯಾಕೆ ನೀಲಿ ಎಂದು ಕೇಳಿದಳು. ಪೆನ್ನು ಸೋರಿತು ಅಂದೆ. ಗಣಿತದ ಟೀಚರು ಲೆಕ್ಕ ಹಾಕಿದಳು. "ಮೊಣಕೈವರೆಗೂ ಸೋರುವ ಪೆನ್ನು ಯಾವುದುರೀ?" ಸಿಗ್ನಲ್ ಸರಿಯಿಲ್ಲ ಎಂದು ಹೇಳಿ ಫೋನ್ ಇಟ್ಟೆ.

ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ನಾಲ್ಕು ವರ್ಷದ ಹಿಂದೆ ಬೆರಳುಗುರಿನಷ್ಟಿದ್ದ ಮೀನುಗಳನ್ನು ಅವಳು ಸಾಕಿ ಅಂಗೈಯಷ್ಟು ಮಾಡಿದ್ದಳು. ಅವಳು ಬಂದಾಗ ತೊಟ್ಟಿ ಖಾಲಿಯಿದ್ದರೆ ಬೈಯುವುದಿಲ್ಲ, ನನಗೆ ಗೊತ್ತು. ಬೆಳಿಗ್ಗೆ ಕಾಫಿ ಲೋಟ ಹಿಡಿದು ಸುಮ್ಮನೆ ನಿಲ್ಲುತ್ತಾಳೆ. ಅದನ್ನು ನೋಡಲು ನನ್ನಿಂದ ಆಗದು.

ಮರುದಿನ ಗೌರಿಯನ್ನು ಮುಚ್ಚಳದ ಬಕೆಟ್ಟಿನಲ್ಲಿಟ್ಟು, ಉಕ್ಕಡದ ಕಡೆಗೆ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತ ಅಜ್ಜಿ ಮುಚ್ಚಳ ಎತ್ತಿ ನೋಡಿ, ಇದರ ಸಾರು ಚೆನ್ನಾಗಿರುತ್ತದಾ ಎಂದು ಕೇಳಿದಳು. ರೋಗಿಯನ್ನು ಕರೆದುಕೊಂಡು ಹೋಗುತ್ತಿದ್ದೇನೆ ಎಂದು ಗಂಭೀರವಾಗಿ ಹೇಳಿದೆ. ಅಜ್ಜಿ ಬೇರೆ ಸೀಟಿಗೆ ಹೋದಳು.

ಅಲ್ಲಿ ಬಣ್ಣದ ಮೀನು ಮಾರುವ ಅಂಗಡಿಯ ಸೆಲ್ವಿಯಕ್ಕ ಕನ್ನಡಕವನ್ನೂ ಹಾಕಿಕೊಳ್ಳದೆ ಬಕೆಟ್ಟಿಗೆ ಇಣುಕಿದರು. ನಾನು ಹನ್ನೊಂದು, ಒಂಬತ್ತು ಎಂದು ವರದಿ ಶುರುಮಾಡಿದ್ದೆ. ಅವರು ತಮಿಳಿನಲ್ಲಿ ಮೆಲ್ಲಗೆ ಹೇಳಿದರು: "ಸಾರ್, ಇದು ಹುಳ ಅಲ್ಲ. ಇದು ಗಂಡು. ಮದುವೆ ಆಸೆ ಬಂದಿದೆ."

ಗಂಡು ಗೋಲ್ಡ್ ಫಿಶ್‌ಗೆ ಕಾಲ ಬಂದಾಗ ಕೆನ್ನೆಯ ಮೇಲೂ ರೆಕ್ಕೆಯ ಅಂಚಲ್ಲೂ ಹೀಗೆ ಬಿಳಿ ಗುಳ್ಳೆ ಏಳುತ್ತವಂತೆ. ಹೆಣ್ಣಿನ ಹಿಂದೆ ಬಿದ್ದು ಹೊಟ್ಟೆಗೆ ಮುಖ ಒತ್ತುವುದೂ ಅದಕ್ಕೇ. ಗಿಡದಲ್ಲಿ ಮೊಟ್ಟೆ ಇದ್ದರೂ ಇರಬಹುದು, ನೋಡಿ ಎಂದರು. ಗಿಡಗಳನ್ನೆಲ್ಲ ಕಸಕ್ಕೆ ಹಾಕಿದೆ ಎಂದೆ. ಗಂಡನ್ನು ಗೌರಿ ಎಂದು ಕರೆದು, ಅವನ ಪ್ರೇಮಕ್ಕೆ ಉಪ್ಪು ಹಾಕಿ, ಬಿಸಿನೀರಿನ ಚೀಲ ಒರಗಿಸಿ, ನೀಲಿ ಮದ್ದು ಸುರಿದು, ಅವನ ಸಂತಾನವನ್ನು ಕಸದ ಗಾಡಿ ಹತ್ತಿಸಿದ್ದೆ. ನನ್ನ ಮುಖ ನೋಡಿ ಸೆಲ್ವಿಯಕ್ಕನಿಗೆ ಮರುಕ ಬಂದಿರಬೇಕು. ಬಿಟ್ಟಿದ್ದರೂ ಅಪ್ಪ ಅಮ್ಮ ಸೇರಿ ಮೊಟ್ಟೆ ತಿಂದುಬಿಡುತ್ತಿದ್ದರು ಸಾರ್, ಬೇಜಾರಾಗಬೇಡಿ ಎಂದು ತಮ್ಮ ಫೋನ್ ನಂಬರು ಬರೆದುಕೊಟ್ಟರು.

ತೊಟ್ಟಿಯನ್ನು ಮೂರು ದಿನ ತೊಳೆದೆ. ನೀರು ತಿಳಿಯಾಯಿತು, ಗಾಜಿನ ಮೂಲೆಯ ಅಂಟು ಮಾತ್ರ ನೀಲಿಯಾಗಿಯೇ ಉಳಿಯಿತು. ಭಾನುವಾರ ಕಮಲ ಬಂದಳು. ಚೀಲ ಇಳಿಸುವ ಮೊದಲೇ ತೊಟ್ಟಿಯ ಮುಂದೆ ಬಗ್ಗಿದಳು.

"ಗಂಗೆಯ ಬೆನ್ನಿನ ಮೇಲೆ ಏನುರೀ ಇದು, ದಾರದ ಹಾಗೆ?"

ಅದನ್ನು ನಾನು ದಿನವೂ ನೋಡಿದ್ದೆ. "ಏನಿಲ್ಲ, ಗಿಡದ ನಾರು," ಅಂದೆ.

"ಗಿಡಗಳೆಲ್ಲಿ?"

ಒಂದೇ ಮಾತು ಸಾಕಾಯಿತು. ಮಂಗಳವಾರದಿಂದ ಭಾನುವಾರದವರೆಗಿನ ಎಲ್ಲವನ್ನೂ ಒಪ್ಪಿಸಿದೆ. ಗೌರಿ ಗಂಡು ಎಂದಾಗ ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. ಸೆಲ್ವಿಯಕ್ಕನಿಗೆ ಫೋನ್ ಮಾಡಿ, ಆ ದಾರದ ಫೋಟೋ ಕಳಿಸಿದೆವು. ಉತ್ತರ ತಕ್ಷಣ ಬಂತು. ಇದು ನಿಜವಾಗಿ ಹುಳ. ತಲೆಯನ್ನು ಲಂಗರಿನ ಹಾಗೆ ಮೀನಿನ ಮಾಂಸದಲ್ಲಿ ಊರಿ, ಬಾಲ ಮಾತ್ರ ಹೊರಗೆ ಬಿಟ್ಟುಕೊಂಡಿರುತ್ತದಂತೆ. ಇಲ್ಲದ ಹುಳದ ಮೇಲೆ ವಾರವಿಡೀ ಯುದ್ಧ ಮಾಡಿದ ನಾನು, ಇದ್ದ ಹುಳವನ್ನು ನಾರು ಎಂದು ಪಾಸು ಮಾಡಿದ್ದೆ.

ಹೊಸದಾಗಿ ಕೆರೆ ಬಾವಿಯ ಗಿಡ ಏನಾದರೂ ತಂದಿರಾ ಎಂದು ಸೆಲ್ವಿಯಕ್ಕ ಕೇಳಿದರು. ಹಿಂದಿನ ತಿಂಗಳು ಭಾವನ ತೋಟದ ಬಾವಿಯಿಂದ ಪಾಚಿಗಿಡ ಬಂದಿತ್ತು. ಮದುವೆಯಾದ ಮೇಲೆ ಮೊದಲ ಸಲ ತಪ್ಪು ಅವಳ ತವರಿನ ಕಡೆಯದು ಎಂದು ನಾನು ಬಾಯಿ ತೆರೆದೆ. ಬೇಡ ಬೇಡ ಅಂದರೂ ಕಿತ್ತು ತಂದವರು ಯಾರು ಎಂಬಂತೆ ಅವಳು ನೋಡಿದಳು. ನಾನು ಚಿಮಟ ಹುಡುಕಲು ಹೋದೆ.

ಕಮಲ ಗಂಗೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಹಿಡಿದಳು. ಸಣ್ಣ ಚಿಮಟದಿಂದ ಹುಳವನ್ನು ಬುಡದಲ್ಲೇ ಹಿಡಿದು, ತುಂಡಾಗದಂತೆ ನಿಧಾನವಾಗಿ ಎಳೆದಳು. ಎಳೆಯುವಾಗ, "ಆಯ್ತು ಕಣ್ಣು, ಆಯ್ತು ಚೆಲ್ಲಮ್ಮ," ಎಂದು ಹೇಳುತ್ತಲೇ ಇದ್ದಳು. ಅರ್ಧ ನಿಮಿಷವೂ ಆಗಲಿಲ್ಲ. ಗಂಗೆ ನೀರಿಗೆ ಬಿದ್ದು ಬಾಲ ಬೀಸಿತು. ಅಲ್ಲಿಯವರೆಗೆ ಉಸಿರು ಹಿಡಿದಿದ್ದವನು ನಾನೊಬ್ಬನೇ ಎಂದು ಆಮೇಲೆ ತಿಳಿಯಿತು.

ನೀರಲ್ಲಿರುವ ಆ ಹುಳದ ಮರಿಗಳು ಕಣ್ಣಿಗೆ ಕಾಣುವುದಿಲ್ಲ, ಅದಕ್ಕೆ ಕೆಲವು ವಾರ ಬೇರೆ ಮದ್ದು ಹಾಕಿ, ಮೈ ನೋಡುತ್ತಿರಬೇಕು. ಈಗ ಪ್ರತಿ ಭಾನುವಾರ ತಪಾಸಣೆ ನಡೆಯುತ್ತದೆ. ನೋಡುವವಳು ಕಮಲ, ಮದ್ದು ಅಳೆಯುವವಳು ಕಮಲ. ನನಗೆ ಟಾರ್ಚ್ ಹಿಡಿಯುವ ಕೆಲಸ ಕೊಟ್ಟಿದ್ದಾಳೆ.

ಹೋದ ವಾರ ಅದನ್ನೂ ಪಳನಿಸಾಮಿಗೆ ಕೊಟ್ಟಳು. ನನ್ನ ಕೈ ನಡುಗುತ್ತದಂತೆ.